ಕ್ಯಾಮೆರಾದ ಮೇಲೆ ಬೀಗರ ಟವೆಲ್ಲು

ದೆಹಲಿಯಲ್ಲಿ ಕುಳಿತ ಸರ್ಕಾರಕ್ಕೆ ಬೇರೆ ಕೆಲಸವೇ ಇಲ್ಲ. ಬೆಳಗಾದರೆ ಸಾಕು, ಸಂಡೂರಿನ ನಮ್ಮ ಬೀಗರು ಎಷ್ಟು ಹೊತ್ತಿಗೆ ಎದ್ದರು, ಯಾವ ಕೈಯಿಂದ ಹಲ್ಲುಜ್ಜಿದರು, ಚಹಕ್ಕೆ ಎಷ್ಟು ಚಮಚ ಸಕ್ಕರೆ ಹಾಕಿಕೊಂಡರು ಎಂದು ಬರೆದುಕೊಳ್ಳುತ್ತ ಕೂತಿರುತ್ತದೆ. ಇದು ನನ್ನ ಮಾತಲ್ಲ, ಬೀಗರ ನಂಬಿಕೆ. ಸರ್ಕಾರ ಅವರನ್ನು ನೋಡುತ್ತದೋ ಇಲ್ಲವೋ ಆ ವಿರೂಪಾಕ್ಷನೇ ಬಲ್ಲ. ನಾನಂತೂ ನೋಡುತ್ತಿದ್ದೆ. ಹೊಟ್ಟೆಕಿಚ್ಚಿನಿಂದ, ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಯಾಕೆ ಹೊಟ್ಟೆಕಿಚ್ಚು ಅಂತೀರಾ? ಅದಕ್ಕೆ ಮೊದಲು ನನ್ನ ಮೊಮ್ಮಗಳ ವಿಷಯ ಹೇಳಬೇಕು. ನೀವು ಕೇಳದಿದ್ದರೂ ಹೇಳುತ್ತೇನೆ, ನಮ್ಮ ಹೋಟೆಲ್ಲಿಗೆ ಬಂದವರು ಯಾರೂ ಇದರಿಂದ ಪಾರಾಗಿಲ್ಲ. ಅವಳಿಗೀಗ ಒಂದು ವರ್ಷ ಎರಡು ತಿಂಗಳು. ನಾನು ನಾಲ್ಕನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು, ವರ್ಣನೆ ನನಗೆ ಬರುವುದಿಲ್ಲ. ಆದರೂ ಹೇಳುತ್ತೇನೆ, ಅವಳ ಗಲ್ಲ ಆಗತಾನೆ ಬಾಣಲೆಯಿಂದ ತೆಗೆದ ಪೂರಿಯಂತೆ ಉಬ್ಬಿದೆ. ನಕ್ಕರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಮನೆಯೆಲ್ಲ ಚಟಪಟ. ಇಂಥ ಕೂಸು ಇಡೀ ವಿಜಯನಗರ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಬಳ್ಳಾರಿ ಜಿಲ್ಲೆಯಲ್ಲಿ ಇದೊಂದೇ ಇರುವುದು, ಯಾಕೆಂದರೆ ಅವಳಿರುವ ಯಶವಂತನಗರ ಆ ಜಿಲ್ಲೆಗೆ ಸೇರಿದೆ.

ನನ್ನ ಸಂಕಟವೂ ಅದೇ. ಕೂಸು ಅಲ್ಲಿ, ನಾನು ಇಲ್ಲಿ. ಮಗನಿಗೆ ಯಶವಂತನಗರದ ಗಣಿಯಲ್ಲಿ ಕೆಲಸ. ಸೊಸೆ ಅಲ್ಲೇ ಸಾಲಿ ಟೀಚರು. ಕಡ್ಡಿರಾಂಪುರದ ರಸ್ತೆ ಬದಿಯಲ್ಲಿ ನಮ್ಮದೊಂದು ಹೋಟೆಲ್ಲು: ಮಿರ್ಚಿ, ಒಗ್ಗರಣೆ ಮಂಡಕ್ಕಿ, ಚಹ. ಹಂಪಿಗೆ ಹೋಗುವವರು, ಹಂಪಿಯಿಂದ ಬರುವವರು ಎಲ್ಲರಿಗೂ ನಮ್ಮ ಬೆಂಚಿನ ಮುಂದೆಯೇ ಹಸಿವಾಗುತ್ತದೆ. ಬಿಟ್ಟು ಹೋಗುವುದು ಹೇಗೆ? ಹಾಗಾಗಿ ಸೊಸೆ ಬಾಣಂತನ ಮುಗಿಸಿ ಕೆಲಸಕ್ಕೆ ಹೊರಟಾಗ ಕೂಸನ್ನು ನೋಡಿಕೊಳ್ಳುವ ಭಾಗ್ಯ ಅವಳ ಅಪ್ಪನ ಪಾಲಾಯಿತು. ಅವರೇ ನಮ್ಮ ಬೀಗರು. ಸಂಡೂರಿನಲ್ಲಿ ಪೋಸ್ಟ್‌ಮನ್ ಆಗಿದ್ದು ನಿವೃತ್ತರಾದವರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಬೆಳಿಗ್ಗೆ ಎಂಟಕ್ಕೆ ಬಸ್ಸಿಳಿದು ಬಂದರೆ ಸಂಜೆ ಐದರವರೆಗೆ ಕೂಸು ಅವರದು. ಲೆಕ್ಕ ಹಾಕಿ, ದಿನಕ್ಕೆ ಒಂಬತ್ತು ತಾಸು! ನನಗೆ ತಿಂಗಳಿಗೊಂದು ಭಾನುವಾರ.

ಬೀಗರ ವಿಚಿತ್ರಗಳು ನನಗೆ ಮದುವೆ ಮಾತುಕತೆಯ ದಿನವೇ ಗೊತ್ತಾಗಿದ್ದವು. ಅವರ ಮನೆಗೆ ಹೋದಾಗ ಫೋನು ಎಲ್ಲೋ ಗುಂಯ್ ಅಂದಿತು. ಬೀಗರು ಎದ್ದು ಹೋಗಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದು, ಮೊಣಕೈವರೆಗೆ ಕೈ ಹಾಕಿ ಫೋನನ್ನು ಹೊರಗೆ ತೆಗೆದರು. ಅದರ ಕ್ಯಾಮೆರಾದ ಮೇಲೆ ಹೆಣ್ಣುಮಕ್ಕಳು ಹಚ್ಚಿಕೊಳ್ಳುವ ಕೆಂಪು ಸ್ಟಿಕ್ಕರ್ ಬೊಟ್ಟು ಅಂಟಿತ್ತು.

"ಯಾಕ್ರಿ ಬೀಗರ, ಫೋನಿಗೂ ಮುತ್ತೈದಿತನಾ?" ಎಂದು ನಮ್ಮವರು ಕೇಳಿದರು.

"ಅದು ನಮ್ಮನ್ನ ನೋಡ್ತದ್ರಿ. ಹೊಸ ಹೊಸ ಕಾಯ್ದೆ ಬರಾಕತ್ಯಾವ. ನಾಳೆ ಯಾರ ಫೋನು ಬೇಕಾದ್ರೂ ತಗದು ಓದ್ತೀವಿ ಅಂತಾರ. ಓದಾಕ ಅದೇನು ಅವರ ಮಾವನ ಮನಿ ಕಾಗದ ಏನ್ರಿ?"

ಆ ಬೀದಿಯಲ್ಲೇ ಒಂದು ಕತೆ ಪ್ರಸಿದ್ಧ. ಒಮ್ಮೆ ಯಾವುದೋ ಸಮೀಕ್ಷೆಗೆಂದು ಒಬ್ಬ ಹುಡುಗಿ ಪಟ್ಟಿ ಹಿಡಿದು ಬಂದಳಂತೆ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಳು. "ಯಾಕವ್ವ, ಊಟಕ್ಕ ಕರೀತೀಯೇನು?" ಅಂದರು ಬೀಗರು. ಮನೆಯಲ್ಲಿ ಏನೇನು ಸಾಮಾನಿದೆ ಎಂದಳು. "ಅದನ್ನ ಕಳ್ಳರಿಗೂ ಹೇಳಿಲ್ಲ ನಾನು." ಕೊನೆಗೆ ಆ ಹುಡುಗಿಯನ್ನು ಒಳಗೆ ಕೂರಿಸಿ, ಚಹ ಮಾಡಿ ಕೊಟ್ಟು, ಪಟ್ಟಿಯ ಮೂವತ್ತು ಪ್ರಶ್ನೆಗೂ ಒಂದೇ ಉತ್ತರ ಬರೆಸಿದರಂತೆ: "ಆರಾಮ ಇದ್ದಾರೆ."

ಸಂಡೂರಿನ ಸರ್ಕಲ್ಲಿನಲ್ಲಿ ಕಂಬದ ಮೇಲೆ ಕ್ಯಾಮೆರಾ ಬಂದ ದಿನದಿಂದ ಅವರು ಛತ್ರಿ ಬಿಚ್ಚದೆ ಅದರ ಕೆಳಗೆ ಹೋದವರಲ್ಲ. ಮಳೆ ಇರಲಿ, ಬಿಸಿಲಿರಲಿ, ಎರಡೂ ಇರದಿರಲಿ. ಮುಖ ಕಾಣಬಾರದೆಂದು ಛತ್ರಿ. ಆದರೆ ಇಡೀ ಸಂಡೂರಿನಲ್ಲಿ ಮೋಡವಿಲ್ಲದ ಸಂಜೆ ಛತ್ರಿ ಹಿಡಿದು ನಡೆಯುವವರು ಇವರೊಬ್ಬರೇ. ಅರ್ಧ ಮೈಲಿ ದೂರದಿಂದಲೇ ಎಲ್ಲರೂ "ಅಗೋ ನಮ್ಮ ಪೋಸ್ಟ್‌ಮನ್ನು" ಎಂದು ಗುರುತು ಹಿಡಿಯುತ್ತಾರೆ.

ಇಂಥವರ ಕೈಗೆ ನನ್ನ ಬಂಗಾರ.

ಕೂಸು ಹೇಗಿದೆಯೆಂದು ಸಾಲಿಯಿಂದಲೇ ನೋಡಬೇಕು ಎಂದು ಸೊಸೆಗೆ ಆಸೆ. ಮಗ ಬೀಗರಿಗೆ ತಿಳಿಸದೆ ಮನೆಯ ಗೋಡೆಗೆ ಒಂದು ಚಿಕ್ಕ ಕ್ಯಾಮೆರಾ ಹಾಕಿಸಿದ. ನನ್ನ ಸಂಕಟ ನೋಡಲಾರದೆ ನನ್ನ ಫೋನಿಗೂ ಅದನ್ನು ಜೋಡಿಸಿಕೊಟ್ಟ.

"ಯವ್ವಾ, ಇಲ್ಲಿ ಒತ್ತಿದ್ರ ಕೂಸು ಕಾಣ್ತದ. ಇದನ್ನ ಒತ್ತಿದ್ರ ನಿನ್ನ ದನಿ ಅಲ್ಲಿ ಕೇಳ್ತದ. ಅದನ್ನ ಮಾತ್ರ ಒತ್ತಬ್ಯಾಡ."

ಒತ್ತಬೇಡ ಎಂದ ಮೇಲೂ ಒತ್ತದೆ ಇರಲು ನಾನೇನು ಸನ್ಯಾಸಿನಿಯೇ? ಎರಡು ದಿನ ತಡೆದೆ. ಮಂಡಕ್ಕಿ ಡಬ್ಬಿಗೆ ಫೋನನ್ನು ಒರಗಿಸಿಟ್ಟುಕೊಂಡು, ಒಂದು ಕಣ್ಣು ಬಾಣಲೆಯ ಮೇಲೆ, ಒಂದು ಕಣ್ಣು ಮೊಮ್ಮಗಳ ಮೇಲೆ. ಗಿರಾಕಿಗಳು ಕರಕಾದ ಮಿರ್ಚಿ ತಿಂದರು, ನಾನು ಸ್ವರ್ಗ ಕಂಡೆ. ಮೂರನೆಯ ದಿನ ಬೀಗರು ಕೂಸನ್ನು ಹೊಟ್ಟೆಯ ಮೇಲೆ ಮಲಗಿಸಿಕೊಂಡು, ತಾವೂ ಅರ್ಧ ನಿದ್ದೆಯಲ್ಲಿದ್ದರು. ಕಿಟಕಿ ತೆರೆದಿತ್ತು. ಕೂಸಿನ ತಲೆ ಬರಿದು. ಕರುಳು ಕೇಳಲಿಲ್ಲ, ಒತ್ತಿಬಿಟ್ಟೆ.

"ಕೂಸಿಗೆ ಟೊಪಿಗಿ ಹಾಕ್ರಿ. ಗಾಳಿ ಐತಿ."

ಬೀಗರು ಎದ್ದ ವೇಗಕ್ಕೆ ಮಂಚ ಒಂದು ಗೇಣು ಹಿಂದೆ ಸರಿಯಿತು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಪಂಚೆ. ನಾಲ್ಕೂ ಗೋಡೆ ನೋಡಿದರು, ಮೇಲೆ ನೋಡಿದರು, ಕೊನೆಗೆ ಕ್ಯಾಮೆರಾದ ಮುಂದೆ ಬಂದು ಎದೆಯೆತ್ತಿ ನಿಂತು ಗಂಭೀರವಾಗಿ ಕೇಳಿದರು.

"ಯಾವ ಇಲಾಖಿಯವ್ರರೀ ನೀವು?"

"ಇಲಾಖಿ ಅಲ್ರಿ ಬೀಗರ. ನಾನು, ಕಡ್ಡಿರಾಂಪುರದಾಕಿ."

"ಹಂಗಾರ ಇನ್ನೂ ಕಷ್ಟ ಆತು," ಎಂದವರೇ ಹೆಗಲಿನ ಟವೆಲ್ಲು ತೆಗೆದು ಕ್ಯಾಮೆರಾದ ಮೇಲೆ ಹೊದಿಸಿದರು.

ಅಲ್ಲಿಗೆ ನನ್ನ ಸ್ವರ್ಗದ ಬಾಗಿಲು ಮುಚ್ಚಿತು. ಅಂದಿನಿಂದ ಬೆಳಿಗ್ಗೆ ಎಂಟಾಯಿತೋ, ಟವೆಲ್ಲು. ಸಂಜೆ ಐದಕ್ಕೆ ಸೊಸೆ ಬಂದು ತೆಗೆಯುವವರೆಗೆ ನನ್ನ ಫೋನಿನ ತುಂಬ ಕೆಂಪು ಚೌಕಳಿ. ಮಗ ಹೇಳಿ ನೋಡಿದ, ಸೊಸೆ ಹೇಳಿ ನೋಡಿದಳು. "ನನ್ನನ್ನ ನಂಬಿ ಕೂಸು ಕೊಟ್ಟೀರಿ. ನಂಬಿಕಿ ಇಲ್ಲಂದ್ರ ಹೇಳ್ರಿ, ಕೂಸನ್ನ ಗೋಡಿಗೆ ಒಪ್ಪಿಸಿ ಹೋಗ್ತೀನಿ" ಅಂದರಂತೆ. ಇಬ್ಬರೂ ಸುಮ್ಮನಾದರು. ಸುಮ್ಮನಾಗದವಳು ನಾನೊಬ್ಬಳೇ.

"ಏನ್ ನೋಡ್ತೀ ಅದರಾಗ? ಬರೇ ಟವಲ್ಲು," ಎಂದರು ನಮ್ಮವರು.

"ಅಳ್ಳಾಡತೈತ್ರಿ."

ಟವೆಲ್ಲು ಅಲುಗಾಡಿದರೆ ಕೂಸು ಆಡುತ್ತಿದೆ, ಫ್ಯಾನು ಹಾಕಿದ್ದಾರೆ, ಏನೋ ಒಂದು ನಡೆದಿದೆ ಎಂದರ್ಥ ತಾನೇ? ಅದಕ್ಕಿಂತ ಕೆಟ್ಟದ್ದೆಂದರೆ ದನಿ. ಟವೆಲ್ಲು ಕಣ್ಣು ಮುಚ್ಚಬಹುದು, ಕಿವಿ ಮುಚ್ಚೀತೇ? ಆ ಚೌಕಳಿಯ ಹಿಂದಿನಿಂದ ನನ್ನ ಮೊಮ್ಮಗಳು ಬಿದ್ದು ಬಿದ್ದು ನಗುವುದು ಕೇಳುತ್ತಿತ್ತು. ಏನು ಮಾಡಿ ನಗಿಸುತ್ತಿದ್ದರೋ ಆ ಮನುಷ್ಯ! ಕುದುರೆಯಾಗಿದ್ದರೇ, ಕೋತಿಯಾಗಿದ್ದರೇ, ದರೋಜಿಯ ಕರಡಿಯಾಗಿದ್ದರೇ? ನನ್ನೆದುರು ನೆಟ್ಟಗೆ ಕುಳಿತು ಎರಡು ಮಾತಾಡಲು ಸಂಕೋಚಪಡುವ ಬೀಗರು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಏನೆಲ್ಲ ಆಗುತ್ತಿದ್ದರು? ನನಗೆ ತಿಳಿಯಲೇ ಇಲ್ಲ. ನಾನು ಹಿಟ್ಟಿಗೆ ಉಪ್ಪು ಎರಡು ಸಲ ಹಾಕಿದೆ.

ಮುಂದಿನ ಭಾನುವಾರ ಯಶವಂತನಗರಕ್ಕೆ ಹೋದವಳು ಜಗಳಕ್ಕೇ ನಿಂತೆ.

"ಅಲ್ರಿ ಬೀಗರ, ಮುಚ್ಚಿಡೂವಂಥದ್ದು ಏನೈತಿ ನಮ್ಮಂಥೋರ ಹತ್ರ? ಸರ್ಕಾರ ನೋಡ್ತದಂತ, ನೋಡ್ಲಿ ಬಿಡ್ರಿ. ನನ್ನ ಹತ್ರ ಏನೂ ಇಲ್ಲ ಮುಚ್ಚಿಡಾಕ."

ಬೀಗರು ಕೂಸಿನ ಬಾಯಿ ಒರೆಸುತ್ತಿದ್ದರು. "ಹೌದಲ್ರೀ ಅಕ್ಕಾರ. ನಿಮ್ಮ ಮಿರ್ಚಿ ಹಿಟ್ಟಿಗೆ ಏನ್ ಹಾಕ್ತೀರಿ? ಅಷ್ಟು ಮಸ್ತ್ ಆಗಿರ್ತದ."

"ಏ, ಅದನ್ನ ಹೆಂಗ್ರಿ ಹೇಳಾಕ ಬರ್ತದ?"

"ಹಾಂ," ಎಂದು ಬೀಗರು ಕೂಸಿನ ಇನ್ನೊಂದು ಗಲ್ಲ ಒರೆಸಿದರು.

ಒರೆಸಿದ ಬಟ್ಟೆ ಮಡಚುತ್ತ ಅವರೇ ಅಂದರು. "ಭಾಳ ವರ್ಷ ಮಂದಿ ಕಾಗದ ಹೊತ್ತೀನ್ರಿ. ಲಕೋಟಿಗೆ ಅಂಟು ಯಾಕ ಹಚ್ಚತಾರ? ಒಳಗ ಕಳ್ಳತನ ಐತಿ ಅಂತಲ್ಲ. ಒಳಗಿರೂದು ತಮ್ದು ಅಂತ."

ಮಾತು ಚೆನ್ನಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಉರಿಯಿತು.

ಅದೇ ತಿಂಗಳು ಅವರ ಹೆಸರು ಊರೂರಿಗೆ ಹಬ್ಬಿತು. ಲಾರಿ ತಿರುಗುವ ಕಡೆಯಲ್ಲೆಲ್ಲ ಮುಖ ಗುರುತು ಹಿಡಿಯುವ ಕ್ಯಾಮೆರಾ ಹಾಕುತ್ತೇವೆ ಎಂದು ಯಶವಂತನಗರದಲ್ಲಿ ಒಂದು ಸಭೆ ಕರೆದಿದ್ದರಂತೆ. ಬೀಗರು ಕೂಸನ್ನು ಕಂಕುಳಲ್ಲಿಟ್ಟುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕುಳಿತರು. ಇದು ಸೊಸೆ ನನಗೆ ಹೇಳಿದ್ದು.

"ಕ್ಯಾಮೆರಾ ನಮ್ಮನ್ನ ನೋಡ್ತದ, ಆತು. ಕ್ಯಾಮೆರಾದಾಗ ನೋಡೋರನ್ನ ಯಾರು ನೋಡ್ತಾರ?" ಎಂದು ಬೀಗರು ಕೇಳಿದರು.

"ಅವರ ಮ್ಯಾಲಿನ ಸಾಹೇಬ್ರು ನೋಡ್ತಾರ್ರಿ," ಎಂದರು ಬಂದ ಅಧಿಕಾರಿ.

"ಆ ಸಾಹೇಬ್ರನ್ನ?"

ಅಧಿಕಾರಿ ಯೋಚಿಸುವಷ್ಟರಲ್ಲಿ ಹಿಂದಿನಿಂದ ಒಬ್ಬಳು ಹೆಂಗಸು, "ಅವರನ್ನ ಅವರ ಹೆಂಡ್ತಿ ನೋಡ್ತಾಳ ಬಿಡ್ರಿ" ಎಂದಳು. ಸಭೆಗೆ ಸಭೆಯೇ ನಕ್ಕಿತು. ನಗು ನಿಂತ ಮೇಲೆ ಅದೇ ಹೆಂಗಸು ಎದ್ದು ನಿಂತಳು. "ನಗೂದಿರ್ಲಿ. ನೀವು ತೋರಿಸಿದ ಕಂಬ ನಮ್ಮ ನಳದ ಎದುರಿಗೇ ಐತಿ. ಐದಕ್ಕ ಎದ್ದು ಹೆಂಗಂದ್ರ ಹಂಗ ನೀರಿಗೆ ಬರ್ತೀವಿ. ನಮ್ಮನ್ನ ಯಾಕ ನೋಡಬೇಕ್ರಿ ಯಾರೋ?" ಅದರ ಬೆನ್ನಿಗೆ ಇನ್ನೂ ನಾಲ್ಕು ಹೆಂಗಸರು ಎದ್ದರು. ಬೀಗರು ತಮ್ಮ ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದುಕೊಟ್ಟರು. ಕ್ಯಾಮೆರಾ ಎಲ್ಲಿಗೆ ತಿರುಗಿರುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಬರೆದು ಗೋಡೆಗೆ ಹಚ್ಚಬೇಕು ಎಂದು. ಗೋಡೆಗೆ ಇನ್ನೂ ಯಾರೂ ಏನೂ ಹಚ್ಚಿಲ್ಲ. ಆದರೆ ನಳದ ಎದುರಿನ ಕ್ಯಾಮೆರಾ ಮಾತ್ರ ಮುಖ ತಿರುಗಿಸಿಕೊಂಡು ರಸ್ತೆ ನೋಡುತ್ತಿದೆ.

"ಅಪ್ಪ ಮಾತಾಡಿ ಕುಂತ ಕೂಡ್ಲೆ ಕೂಸು ಚಪ್ಪಾಳಿ ಹೊಡೀತ್ರಿ ಅತ್ತಿ," ಎಂದಳು ಸೊಸೆ.

ಸಭೆಯ ವಿಷಯ ನನಗೆ ಹಿಡಿಸಿತ್ತು. ಆ ಚಪ್ಪಾಳೆಯೊಂದು ಹಿಡಿಸಲಿಲ್ಲ.

ನೀವೇ ನ್ಯಾಯ ಹೇಳಿ. ಕೂಸಿನ ಮೊದಲ ಹಲ್ಲು ಕಂಡದ್ದು ಯಾರಿಗೆ? ಬೀಗರಿಗೆ. ಮೊದಲ ಸಲ ಅಂಬೆಗಾಲಿಟ್ಟದ್ದು? ಟವೆಲ್ಲಿನ ಹಿಂದೆ. ಮೊದಲ ಮಾತು ಏನು? "ತಾತ." ತಾತ ಎನ್ನಲು ಏನು ಕಷ್ಟ, ನಾಲಗೆ ಎರಡು ಸಲ ಬಡಿದರೆ ಆಯಿತು. ಅಜ್ಜಿ ಎನ್ನಬೇಕಾದರೆ ಬುದ್ಧಿ ಬಲಿಯಬೇಕು. ನಮ್ಮವರು ಸುದ್ದಿ ಕೇಳಿ, "ನನ್ನನ್ನ ಕರದೈತಿ" ಎಂದು ಗಿರಾಕಿಗಳಿಗೆಲ್ಲ ಅರ್ಧರ್ಧ ಕಪ್ಪು ಚಹ ಹಂಚಿದರು. ಇವರೂ ತಾತನೇ ಅಲ್ಲವೇ! ನಾನೊಬ್ಬಳೇ ಯಾವ ಲೆಕ್ಕಕ್ಕೂ ಇಲ್ಲದವಳು.

ಇನ್ನು ಉಳಿದದ್ದು ಒಂದೇ, ಹೆಜ್ಜೆ.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಕೂಸು ಯಾರ ಕೈಯನ್ನೂ ಹಿಡಿಯದೆ ಹೆಜ್ಜೆ ಹಾಕಿದ್ದನ್ನು ಮೊದಲು ಯಾರು ಕಾಣುತ್ತಾರೋ ಅವರು ಐದು ಮನೆಗೆ ಶೇಂಗಾ ಉಂಡಿ ಹಂಚಬೇಕು. ಆ ಕೂಸು ಮುದುಕಾಗುವವರೆಗೂ "ಇದರ ಹೆಜ್ಜಿ ಕಂಡಾಕಿ" ಎಂದು ಅವರ ಹೆಸರು ಹೇಳುತ್ತಾರೆ. ನನ್ನ ಮಗನ ಹೆಜ್ಜೆ ಕಂಡದ್ದು ಪಕ್ಕದ ಸೈಕಲ್ ಅಂಗಡಿಯವನ ತಾಯಿ. ನಾನು ಹತ್ತು ಮಾರು ದೂರದಲ್ಲೇ ಇದ್ದೆ, ಒಲೆಯ ಮುಂದೆ, ಬೆನ್ನು ಮಾಡಿಕೊಂಡು. ಬಾಣಲೆ ತುಂಬ ಒಂದು ಘಾಣ ಮಿರ್ಚಿ ಎಣ್ಣೆಯಲ್ಲಿತ್ತು. ತಿರುಗಿ ನೋಡುವಷ್ಟರಲ್ಲಿ ಅವನು ಆಗಲೇ ಬಿದ್ದು ಅಳುತ್ತಿದ್ದ. ಮಗನ ಮದುವೆಯಲ್ಲೂ ಆ ಮುದುಕಿಗೆ ಮೊದಲ ಎಲೆ ಹಾಕಿ ಉಣಬಡಿಸಿದೆ. ನಗುನಗುತ್ತಲೇ ಬಡಿಸಿದೆ. ಒಳಗಿನದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ಒಂದೇ ಸಲ. ಹಿಟ್ಟಿನ ಜಗಳವಾಯಿತಲ್ಲ, ಅದೇ ಭಾನುವಾರ ಬಸ್ಸಿಗೆ ಕಾಯುತ್ತ ನಿಂತಾಗ ಯಾಕೋ ಬೀಗರ ಮುಂದೆ ಬಾಯಿ ಬಿಟ್ಟಿದ್ದೆ. "ಇದರ ಹೆಜ್ಜಿನಾದ್ರೂ ನಾ ಕಾಣಬೇಕ್ರಿ" ಎಂದಿದ್ದೆ. ಬಸ್ಸು ಬಂತು, ಹತ್ತಿದೆ.

ಹಾಗಾಗಿ ಫೋನನ್ನು ಬಿಡಲಿಲ್ಲ. ಬೆಳಿಗ್ಗೆ ಟವೆಲ್ಲು ಬೀಳುವ ಮೊದಲು ಅರ್ಧ ತಾಸು, ಸಂಜೆ ಐದರ ಮೇಲೆ ಎಣ್ಣೆ ಕಾಯುತ್ತಿದ್ದರೂ ಕಣ್ಣು ಅಲ್ಲೇ. ಒಂದು ಸಂಜೆ ಖಾಯಂ ಗಿರಾಕಿ, ಲಾರಿ ಡ್ರೈವರ್ ಒಬ್ಬ, ಚಹ ಹೀರುತ್ತ ಸಹಜವಾಗಿ ಅಂದ. "ನಿಮ್ಮ ಸೊಸಿಗೆ ಇವತ್ತ ಭಾಳ ಸುಸ್ತಾದಂಗೈತ್ರಿ. ತಲಿ ಬಿಚ್ಚಿಕೊಂಡು ಹಂಗ ಗ್ವಾಡಿಗೆ ಒರಗಿ ಕುಂತಾರ."

ಅವನ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ನಾನು ಕೈಯಲ್ಲಿನ ಜಾರಿ ಸೌಟು ಕೆಳಗಿಟ್ಟು ತಿರುಗಿ ನೋಡಿದೆ. ಬೆಂಚಿನ ಮೇಲೆ ಐದಾರು ಗಂಡಸರಿದ್ದರು. ಎಲ್ಲರ ಮುಖವೂ ಮಂಡಕ್ಕಿ ಡಬ್ಬಿಯ ಕಡೆಗೆ. ಎಷ್ಟು ದಿನದಿಂದ ನೋಡುತ್ತಿದ್ದರೋ? ಪಾಪದ ಹುಡುಗಿ, ಸಾಲಿಯಿಂದ ಬಂದು ತನ್ನ ಮನೆಯೆಂದು ಸೆರಗು ಸಡಿಲಿಸಿ ಕುಳಿತಿದ್ದಾಳೆ. ಯಾವ ಇಲಾಖೆಯೂ ಅಲ್ಲ, ಅತ್ತೆಯೇ ಅವಳನ್ನು ಕಡ್ಡಿರಾಂಪುರದ ರಸ್ತೆಗೆ ತಂದು ನಿಲ್ಲಿಸಿದ್ದಾಳೆ. ಫೋನನ್ನು ಬೋರಲು ಹಾಕಿದೆ. ಮಗನಿಗೆ ಫೋನು ಮಾಡಿ, "ಅದನ್ನ ನನ್ನ ಫೋನಿನಿಂದ ತಗದುಬಿಡು" ಎಂದೆ. ಯಾಕೆಂದು ಕೇಳಿದ. ಕಣ್ಣು ನೋಯುತ್ತದೆ ಎಂದೆ.

ಎರಡು ದಿನ ತಡೆದೆ. ಮೂರನೆಯ ದಿನ ನಮ್ಮವರಿಗೆ ಹೇಳಿದೆ, "ಹೋಟ್ಲು ಬಂದ್ ಮಾಡ್ರಿ. ನಾ ಹೊಂಟೆ."

"ಹಂಪಿಗೆ ಮಂದಿ ಬರೂ ಹೊತ್ತಿನ್ಯಾಗ ಬಂದ್ ಮಾಡಂತಿಯಾ? ಎಂದ ಬರ್ತೀ?"

"ಕೂಸು ನಡದ ಮ್ಯಾಲೆ."

"ಅದು ಯಾವಾಗ ನಡೀತದೋ? ದಸರಾಕ್ಕ ನಡದ್ರ?"

"ದಸರಾ ಮುಗಿಸಿ ಬರ್ತೀನಿ."

ಹೊಸಪೇಟೆಯಲ್ಲಿ ಬಸ್ಸು ಬದಲಿಸಿ, ಲಾರಿಗಳ ಕೆಂಪು ದೂಳು ಕುಡಿದು, ಹತ್ತು ಗಂಟೆಗೆ ಯಶವಂತನಗರದ ಮನೆ ಮುಟ್ಟಿದೆ. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಬೀಗರು ಬಾಗಿಲು ತೆಗೆದರು. ಕೂಸು ನೆಲದ ಮೇಲೆ ಒಂದು ಚಮಚ ಹಿಡಿದು ಕುಳಿತಿತ್ತು. ನನ್ನನ್ನು ಕಂಡು ನಕ್ಕಿತು. ಆ ನಗುವಿಗೆ ನನ್ನ ಬಸ್ಸಿನ ಆಯಾಸವೆಲ್ಲ ಹೋಯಿತು ಎಂದು ಬೇರೆ ಹೇಳಬೇಕೇ?

"ಬರ್ರಿ ಅಕ್ಕಾರ, ಕುಂದ್ರಿ. ನೀರು ಕುಡೀರಿ," ಎಂದ ಬೀಗರು ಚಪ್ಪಲಿ ಮೆಟ್ಟಿಕೊಂಡರು. "ನಾ ಹಂಗ ಅಂಗಡಿತನ ಹೋಗಿ ಬರ್ತೀನಿ. ಕೂಸು ನಿಮ್ಮ ಹತ್ರ ಇರ್ಲಿ."

ನನಗೆ ಆಶ್ಚರ್ಯ. ಕೂಸನ್ನು ಒಂದು ಗಳಿಗೆಯೂ ಬಿಡದ ಮನುಷ್ಯ. ಹೋಗಲಿ ಎಂದುಕೊಂಡು ಮಂಚದ ಮೇಲೆ ಕುಳಿತೆ. ಗೇಟಿನ ಸದ್ದಾಯಿತು. ಕೂಸು ಚಮಚ ಕೆಳಗಿಟ್ಟಿತು. ಮಂಚದ ಕಾಲು ಹಿಡಿದು ಎದ್ದಿತು. ಕೈ ಬಿಟ್ಟಿತು. ಒಂದು ಹೆಜ್ಜೆ. ಎರಡು. ಮೂರು, ನಾಲ್ಕು, ಐದು, ನನ್ನ ಮೊಣಕಾಲಿಗೆ ಬಂದು ಮುಖ ಒತ್ತಿ ನಿಂತಿತು.

ನಾನು ಅತ್ತೆನೋ, ಕೂಗಿದೆನೋ, ನೆನಪಿಲ್ಲ. ಬಾಚಿ ತಬ್ಬಿಕೊಂಡೆ. ಸೊಸೆಗೆ, ಮಗನಿಗೆ, ನಮ್ಮವರಿಗೆ ಫೋನು ಮಾಡಿದೆ. "ಕಂಡೆ, ಕಂಡೆ" ಎಂಬುದೊಂದೇ ಮಾತು. "ಹೋಗ್ಲಿ, ದಸರಾತನ ಕಾಯೂದು ತಪ್ಪಿತು," ಎಂದರು ನಮ್ಮವರು.

ಕೂಸನ್ನು ಕೆಳಗಿಳಿಸಿದೆ. ಆಗಲೇ ನನಗೆ ಅನುಮಾನ ಹತ್ತಿದ್ದು. ಮೊದಲ ಸಲ ನಡೆಯುವ ಕೂಸು ತೂರಾಡುತ್ತದೆ, ಕುಂಡೆಯ ಮೇಲೆ ಬೀಳುತ್ತದೆ. ಇದು ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದು ನಿಂತು, ಚೌಕಟ್ಟು ಹಿಡಿದು, ಕಾಲೆತ್ತಿ ದಾಟಿತು. ಹೋಗಿ ಕೆಳಗಿನ ಡಬ್ಬಿಯಿಂದ ಒಂದು ಬಿಸ್ಕೀಟು ತೆಗೆದುಕೊಂಡು, ಮತ್ತೆ ದಾಟಿ ಬಂದು ಕುಳಿತಿತು. ಇದು ಮೊದಲ ಹೆಜ್ಜೆಯ ನಡಿಗೆಯಲ್ಲ. ಕಡಿಮೆಯೆಂದರೂ ವಾರದಿಂದ ರೂಢಿಯಿರುವ ನಡಿಗೆ.

ಅಷ್ಟರಲ್ಲಿ ಬೀಗರು ಬಂದರು. ಕೈಚೀಲದಲ್ಲಿ ಶೇಂಗಾ, ಬೆಲ್ಲ, ಏಲಕ್ಕಿ. ನಾನಿನ್ನೂ ಅವರಿಗೆ ಏನೂ ಹೇಳಿರಲಿಲ್ಲ.

"ಐದು ಮನಿಗೆ ಇಷ್ಟು ಸಾಕಾಗ್ತದಲ್ರೀ?" ಎಂದರು.

"ಬೀಗರ, ಎಂದಿನಿಂದ ನಡ್ಯಾಕತ್ತೈತಿ ಇದು?"

"ಈಗ ನೀವ ಕಂಡ್ರಲ್ರೀ?"

"ಖರೇ ಹೇಳ್ರಿ."

ಅವರ ಮುಖ ನೋಡಿದೆ. ಊರಿನ ಮದುವೆ, ಸಾವು, ಕೋರ್ಟಿನ ನೋಟೀಸು, ಓಡಿಹೋದ ಹುಡುಗಿ ಬರೆದ ಕಾಗದ, ಎಲ್ಲವನ್ನೂ ಹೊತ್ತು ತಿರುಗಿ ಯಾರಿಗೂ ಏನನ್ನೂ ಹೇಳದ ಮುಖ. ಸ್ವಂತ ಮಗಳಿಗೂ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ಸೊಸೆ ನನ್ನ ಫೋನಿನಲ್ಲಿ ಸುದ್ದಿ ಕೇಳಿದಾಗ ಸಾಲಿಯಲ್ಲೇ ಕುಣಿದಿದ್ದಳು. ಆ ವಾರವೆಲ್ಲ ಸಂಜೆ ಮಗಳು ಬಂದ ಮೇಲೂ ಹೊರಡದೆ, ನಿದ್ದೆ ಹತ್ತುವವರೆಗೆ ಕೂಸನ್ನು ಎತ್ತಿಕೊಂಡೇ ಇರುತ್ತಿದ್ದರಂತೆ. ಅದು ಇಳಿಯಲು ಒದ್ದಾಡಿ ಅತ್ತರೂ ಬಿಡುತ್ತಿರಲಿಲ್ಲವಂತೆ.

ಇಬ್ಬರೂ ಕುಳಿತು ಶೇಂಗಾ ಹುರಿದೆವು, ಸಿಪ್ಪೆ ತಿಕ್ಕಿದೆವು. ಕೂಸು ನಮ್ಮಿಬ್ಬರ ನಡುವೆ ಓಡಾಡುತ್ತ ಎರಡೂ ತಟ್ಟೆಯಿಂದ ಕದ್ದಿತು. ಸಂಜೆ ಉಂಡಿ ಹಂಚಲು ಹೊರಟಾಗ ಬೀಗರೂ ಜೊತೆಗೆ ಬಂದರು. ಕೊನೆಯ ಮನೆಯವಳು ಉಂಡಿ ಕೈಗೆ ತೆಗೆದುಕೊಂಡು ಅವರನ್ನೇ ಕೆಣಕಿದಳು.

"ಏನ್ ತಾತಾ, ದಿನಾ ಬೆಳಗಿಂದ ಸಂಜಿತನಕ ನೀವ ಇರ್ತೀರಿ. ಇವತ್ತ ಬಂದ ಅಜ್ಜಿ ಕಂಡ್ಳು, ನಿಮಗ ಕಾಣಲಿಲ್ಲೇನು?"

ಬೀಗರು ಛತ್ರಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ನನಗ ಕಣ್ಣು ಸರಿ ಕಾಣಂಗಿಲ್ಲವ್ವ ಈಗೀಗ."

ಎಂಥ ಕಾಗೆ ಕಾಲಿನ ವಿಳಾಸವನ್ನೂ ಈಗಲೂ ಕನ್ನಡಕವಿಲ್ಲದೆ ಓದುವ ಮನುಷ್ಯ! ಮೊಮ್ಮಗಳನ್ನು ಎತ್ತಿಕೊಂಡು ಅವರ ಪಕ್ಕದಲ್ಲಿ ನಿಂತೆ. ನನ್ನ ಹೊಟ್ಟೆಕಿಚ್ಚು ಆರಿತೆಂದು ನೀವು ತಿಳಿದಿದ್ದರೆ ತಪ್ಪು. ಇನ್ನೂ ಹೆಚ್ಚಾಯಿತು. ಅಷ್ಟು ದೊಡ್ಡ ಸಂತೋಷವನ್ನು ಒಂದು ವಾರ ಒಬ್ಬರೇ ಹೊಟ್ಟೆಯಲ್ಲಿಟ್ಟುಕೊಂಡು, ಆಮೇಲೆ ಅದು ತಮ್ಮದೇ ಅಲ್ಲವೆಂದು ಕೊಟ್ಟುಬಿಡುವುದು ನನ್ನಿಂದ ಈ ಜನ್ಮದಲ್ಲಿ ಆಗುತ್ತಿತ್ತೇ?